ಬೇಸಿಗೆಯಲ್ಲಿ ಮಲ್ಹಾರ ಹಚ್ಚಬ್ಯಾಡ್ರಿ

ನಮ್ಮ ಪುಟಗಳಲ್ಲಿ ಕಥೆ, ಕವಿತೆಗಳಿಗೆ ಚಿತ್ರ ಬರೆಯುತ್ತ ಬಂದಿರುವ ಧಾರವಾಡದ ಜಲವರ್ಣ ಕಲಾವಿದೆ ಈ ಸಲದ ಅಂಕಣದಲ್ಲಿ ನಿಮ್ಮೊಂದಿಗೆ ಮಾತಾಡಿದ್ದಾರೆ. ‘ರಣಬಿಸಿಲು, ಮೈಯಲ್ಲಿ ಆಲಸ್ಯ, ಕೈಯಲ್ಲಿ ಮುಗಿಯದ ಕೆಲಸ. ಅಂಥ ಹೊತ್ತಿನಲ್ಲಿ ಏನು ಕೇಳುತ್ತೀರಿ?’ ಎಂಬ ವಿಷಯಕ್ಕೆ ಬಂದ ಪತ್ರಗಳಲ್ಲಿ ಕೆಲವನ್ನು ಅವರೇ ಆರಿಸಿಕೊಂಡು ಉತ್ತರಿಸಿದ್ದಾರೆ.

ಬೇಸಿಗೆಯಲ್ಲಿ ಊಟ ಆದಮೇಲೆ ಕೈಕಾಲು ಅಲ್ಲಾಡಿಸಲೂ ಮನಸ್ಸಾಗುವುದಿಲ್ಲ. ಆ ಹೊತ್ತಿಗೆ ನೀವು ಮೊದಲು ಹಾಕುವುದು ಏನು?
— ಓದುಗರು, ಹಾವೇರಿ

ಭೀಮಸೇನ ಜೋಶಿಯವರ ಬೃಂದಾವನಿ ಸಾರಂಗ. ಮಾರ್ಚ್ ಅರ್ಧ ಕಳೆದರೆ ನಮ್ಮ ಮನೆಯಲ್ಲಿ ಅದು ಶುರುವಾಯಿತೆಂದೇ ಲೆಕ್ಕ. ಹೊತ್ತು ನೆತ್ತಿಗೆ ಬಂದಿರಬೇಕು, ಓಣಿಯಲ್ಲಿ ಒಂದು ನಾಯಿಯೂ ಓಡಾಡಬಾರದು, ಕಿಟಕಿಗೆ ಹಸಿ ಗೋಣಿತಾಟು ಇಳಿಬಿಟ್ಟಿರಬೇಕು. ಆಗ ಹಚ್ಚುತ್ತೇನೆ.

ಹಿಂದೂಸ್ತಾನಿ ಪದ್ಧತಿಯಲ್ಲಿ ರಾಗಕ್ಕೊಂದು ಹೊತ್ತು ಇರುತ್ತದಲ್ಲ, ಸಾರಂಗದ ಮನೆತನವೆಲ್ಲ ನಡುಹಗಲಿಗೆ ಸೇರಿದ್ದು. ಬೃಂದಾವನಿಯಲ್ಲಿ ಸರಿಗಮದ ಗ ಇಲ್ಲ, ಧ ಇಲ್ಲ. ಉಳಿದ ಐದರಲ್ಲಿ ನಿಷಾದ ಮಾತ್ರ ಎರಡು ಬಗೆ: ಏರುವಾಗ ಶುದ್ಧ, ಇಳಿಯುವಾಗ ಕೋಮಲ, ಅಂದರೆ ತುಸು ತಗ್ಗಿದ ನಿ. ಇದೆಲ್ಲ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಜೋಶಿಯವರು ರಿಷಭದ ಮೇಲೆ ಬಂದು ನಿಲ್ಲುತ್ತಾರೆ ನೋಡಿ, ಅಲ್ಲಿ ಕಿವಿ ಕೊಡಿ. ಅಂಗಳದಲ್ಲಿ ನೆರಳು ಕಾಲಡಿಗೇ ಬಂದು ಸೇರಿಕೊಂಡ ಹೊತ್ತು ಅದು. ಅಲುಗಾಟವಿಲ್ಲ, ದುಃಖವೂ ಇಲ್ಲ. ನನಗೆ ಆ ಸಾರಂಗದಲ್ಲಿ ತಂಪು ಸಿಗುವುದಿಲ್ಲ, ಬಿಸಿಲೇ ಸಿಗುತ್ತದೆ. ಅದಕ್ಕಾಗಿಯೇ ಹಾಕುವುದು. ಹೊರಗೆ ಇರುವುದು ಒಳಗೂ ಇದ್ದುಬಿಟ್ಟರೆ ಅದರ ಜೊತೆ ಜಗಳಾಡುವ ಕೆಲಸ ತಪ್ಪುತ್ತದೆ.

ಇನ್ನೊಂದು ಕಾರಣ ಪೂರ್ತಿ ಕಸುಬಿನದು. ಜಲವರ್ಣದವರಿಗೆ ಏಪ್ರಿಲ್ ಅಂದರೆ ಶತ್ರು. ಆಕಾಶ ಬರೆಯಬೇಕು ಅನ್ನಿ. ಕಾಗದವನ್ನು ಮೊದಲೇ ನೆನೆಸಿ, ಹಲಗೆಗೆ ಅಂಟುಪಟ್ಟಿ ಹಚ್ಚಿ ಬಿಗಿದಿಟ್ಟಿರುತ್ತೇವೆ. ಅಗಲ ಕುಂಚದಲ್ಲಿ ಬಣ್ಣದ ನೀರು ತುಂಬಿಕೊಂಡು ಮೇಲಿನ ಅಂಚಿನಿಂದ ಎಡಕ್ಕೂ ಬಲಕ್ಕೂ ಎಳೆಯುತ್ತ ಇಳಿಯಬೇಕು. ಕೆಳತುದಿಯಲ್ಲಿ ನಿಂತ ನೀರಿನ ದಂಡೆಯನ್ನು ಮುಂದಿನ ಎಳೆತ ಹಸಿ ಇರುವಾಗಲೇ ಮುಟ್ಟಬೇಕು. ಅದು ಒಣಗಿತೋ, ಗೆರೆ ಬಿತ್ತು. ಗೆರೆ ಬಿದ್ದ ಆಕಾಶವನ್ನು ಬ್ರಹ್ಮ ಬಂದರೂ ಸರಿಮಾಡಲಾರ. ಮಳೆಗಾಲದಲ್ಲಿ ಆ ದಂಡೆ ಚಹಾ ಕುಡಿದು ಬರುವ ತನಕ ಹಸಿಯಾಗಿ ಕಾಯುತ್ತದೆ, ಬೇಸಿಗೆಯಲ್ಲಿ ಕಣ್ಣೆದುರೇ ಹಿಂಗುತ್ತದೆ. ನೀರಿಗೆ ಒಂದು ಹನಿ ಗ್ಲಿಸರಿನ್ ಹಾಕುವ ಉಪಾಯವಿದೆ, ಅದೂ ಒಂದು ಮಟ್ಟದವರೆಗೆ.

ಇಲ್ಲಿ ಕೆಲಸಕ್ಕೆ ಬರುವುದು ವಿಲಂಬಿತ ಏಕತಾಲ, ಅಂದರೆ ನಿಧಾನಗತಿಯ ಏಕತಾಲ. ತಾಳದ ಒಂದು ಸುತ್ತಿಗೆ, ಅಂದರೆ ಆವರ್ತನಕ್ಕೆ, ಹನ್ನೆರಡು ಮಾತ್ರೆ. ಜೋಶಿಯವರ ಗಾಯನ ಪರಂಪರೆಯಾದ ಕಿರಾನಾದವರ ಅತಿವಿಲಂಬಿತದಲ್ಲಿ ಒಂದು ಆವರ್ತನಕ್ಕೆ ಹತ್ತಿರಹತ್ತಿರ ಒಂದು ನಿಮಿಷ ಹಿಡಿಯುತ್ತದೆ. ಸಮ್, ಅಂದರೆ ಆವರ್ತನದ ಮೊದಲ ಮಾತ್ರೆ, ಬಿದ್ದಾಗ ಕುಂಚ ಇಡುತ್ತೇನೆ, ಮುಂದಿನ ಸಮ್ ಬರುವುದರೊಳಗೆ ಕೆಳಗಿನ ಅಂಚು ಮುಟ್ಟಿರಬೇಕು. ಗಡಿಯಾರ ಇಟ್ಟುಕೊಂಡರೆ ಕೈ ನಡುಗುತ್ತದೆ. ತಬಲಾ ಇದ್ದರೆ ನಡುಗುವುದಿಲ್ಲ, ಯಾಕೆಂದರೆ ಕೊನೆಯ ಎರಡು ಮಾತ್ರೆಯಲ್ಲಿ ಎಷ್ಟು ಜಾಗ ಉಳಿದಿದೆ ಎಂದು ಕಿವಿಗೇ ಗೊತ್ತಾಗಿರುತ್ತದೆ. ವೇಗದ ದ್ರುತ್ ಶುರುವಾದಾಗ ನಾನು ಕುಂಚ ತೊಳೆಯುತ್ತಿರುತ್ತೇನೆ.

ಬಿಸಿಲಲ್ಲಿ ಬೆಂದುಹೋಗುವಾಗ ಮಳೆಯ ರಾಗ ಕೇಳಿ ಮನಸ್ಸನ್ನಾದರೂ ತಂಪು ಮಾಡಿಕೊಳ್ಳಬಾರದೇ ಮೇಡಂ? ನಾನು ಏಪ್ರಿಲ್ ಪೂರ್ತಿ ಮಿಯಾ ಮಲ್ಹಾರ ಕೇಳುತ್ತೇನೆ.
— ಓದುಗರು, ಬೆಂಗಳೂರು

ಕೇಳಿ, ನಾನು ಯಾರು ಬೇಡ ಅನ್ನಲು. ಆದರೆ ನೀವು ನನ್ನ ಅಭಿಪ್ರಾಯ ಕೇಳಿದ್ದೀರಿ: ಬ್ಯಾಡ್ರಿ.

ಮಲ್ಹಾರವನ್ನು ಏಪ್ರಿಲ್‌ನಲ್ಲೇ ಕೇಳಿ ಮುಗಿಸಿದರೆ ಜೂನ್‌ಗೆ ಏನು ಉಳಿಯಿತು? ಆ ಎರಡು ನಿಷಾದಗಳು ಪಕ್ಕಪಕ್ಕದಲ್ಲಿ ನಡುಗುತ್ತ ಬರುವುದನ್ನು ಮೊದಲ ಮೋಡದ ದಿನಕ್ಕೆಂದು ಎತ್ತಿಟ್ಟವರಿಗೆ ಅದು ಕೊಡುವ ಸುಖವೇ ಬೇರೆ. ಮಾವಿನಹಣ್ಣನ್ನು ಡಿಸೆಂಬರ್‌ನಲ್ಲಿ ಡಬ್ಬಿಯಿಂದ ತೆಗೆದು ತಿನ್ನುವವರೂ ಇದ್ದಾರೆ, ಅವರ ಜೊತೆಗೂ ನಾನು ವಾದಕ್ಕೆ ಹೋಗುವುದಿಲ್ಲ.

ಹಳೆಯ ಆರು ರಾಗ, ಆರು ಋತುವಿನ ಒಂದು ಲೆಕ್ಕದಲ್ಲಿ ವರ್ಷಋತುವಿಗೆ ಮೇಘ, ವಸಂತಕ್ಕೆ ಹಿಂದೋಲ, ಶಿಶಿರಕ್ಕೆ ಮಾಲಕಂಸ ಎಂದಿದೆ. ಗ್ರೀಷ್ಮಕ್ಕೆ ಯಾವುದು ಹೇಳಿ? ದೀಪಕ. ಬೆಂಕಿ ಹೊತ್ತಿಸುವ ರಾಗ! ತಾನಸೇನ ಅದನ್ನು ಹಾಡಿ ಮೈ ಸುಟ್ಟುಕೊಂಡ, ವಡನಗರದ ತಾನಾ-ರೀರಿ ಎಂಬ ಅಕ್ಕತಂಗಿಯರು ಮಲ್ಹಾರ ಹಾಡಿ ಉರಿ ಆರಿಸಿದರು ಎಂಬುದು ಕಥೆ. ಕಥೆ ಇರಲಿ, ಆ ಪಟ್ಟಿ ಮಾಡಿದವರ ಧೈರ್ಯ ನೋಡಿ. ಬೇಸಿಗೆಗೆ ತಂಪಿನ ರಾಗ ಕೊಡೋಣ ಎಂದು ಅವರಿಗೆ ಅನ್ನಿಸಲಿಲ್ಲ.

ಅಕ್ಕಾರ, ಈ ಹವ್ಯಾಸ ಹತ್ತಿದ್ದು ಯಾವಾಗ? ಮನಿಯೊಳಗ ಯಾರರ ಹಾಡತಿದ್ದರೇನು?
— ಓದುಗರು, ಗದಗ

ಯಾರೂ ಇಲ್ಲ. ಸಂಡಿಗೆ ಕಾಯುವ ಕೆಲಸದಿಂದ ಹತ್ತಿತು.

ನೀವು ಗದಗಿನವರು, ವಿವರಿಸಬೇಕಿಲ್ಲ. ಬೇಸಿಗೆ ರಜೆ ಬಿದ್ದ ಕೂಡಲೇ ಮಾಳಿಗೆಯ ಮೇಲೆ ಹಳೆಯ ಧೋತರ ಹಾಸಿ ಹಪ್ಪಳ, ಸಂಡಿಗೆ, ಕುರಡಗಿ. ಕಾಗೆ ಓಡಿಸಲು ಮನೆಯ ಸಣ್ಣವರು. ನನ್ನ ಕೈಗೆ ಒಂದು ಕೋಲು, ತಲೆಗೆ ಅವ್ವನ ಹಳೆಯ ಸೀರೆಯ ತುಂಡು, ಪಕ್ಕದಲ್ಲಿ ಅಪ್ಪನ ಟ್ರಾನ್ಸಿಸ್ಟರ್. ಮೆಟ್ಟಿಲ ಮೇಲಿನ ತಗಡಿನ ನೆರಳಿನಲ್ಲಿ ಕೂತು ಆಕಾಶವಾಣಿ ಧಾರವಾಡ ಕೇಳುತ್ತಿದ್ದೆ. ಈ ನಿಲಯ 1950ರಿಂದ ಇದೆ. ಈ ಭಾಗದ ಎಷ್ಟೋ ಮನೆಗಳಿಗೆ ಶಾಸ್ತ್ರೀಯ ಸಂಗೀತ ಹೊಕ್ಕಿದ್ದು ಅದರ ಮೂಲಕವೇ. ದುಡ್ಡು ಕೊಟ್ಟು ರೆಕಾರ್ಡ್ ಕೊಳ್ಳುವ ಮಂದಿ ನಾವಾಗಿರಲಿಲ್ಲ.

ರೇಡಿಯೋದ ದೊಡ್ಡ ಗುಣ ಎಂದರೆ ಅದು ಹೊತ್ತನ್ನು ಪಾಲಿಸುತ್ತಿತ್ತು. ಬೆಳಿಗ್ಗೆ ಬೆಳಗಿನ ರಾಗ, ಮಧ್ಯಾಹ್ನಕ್ಕೆ ಮಧ್ಯಾಹ್ನದ್ದು. ಹೆಸರು ತಿಳಿಯುವ ಮೊದಲೇ ಸಾರಂಗ ಎಂದರೆ ಒಣಗುವ ಸಂಡಿಗೆಯ ಜೀರಿಗೆ ವಾಸನೆ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಈಗಲೂ ಬೃಂದಾವನಿ ಕೇಳುವಾಗ ನಡುನಡುವೆ ತಲೆಯೆತ್ತಿ ಕಾಗೆ ಬಂತೇನೋ ಎಂದು ನೋಡುವುದುಂಟು.

ನಿಮ್ಮ ಸಂದರ್ಶನಗಳಲ್ಲಿ ಬರೀ ಹಿಂದೂಸ್ತಾನಿಯೇ ಕಾಣುತ್ತದೆ. ಕರ್ನಾಟಕ ಸಂಗೀತಕ್ಕೂ ಬೇಸಿಗೆಗೂ ನಂಟಿಲ್ಲವೇ?
— ಓದುಗರು, ಮೈಸೂರು

ನಂಟಿಲ್ಲದೆ ಏನು! ಬೆಂಗಳೂರಿನ ದೊಡ್ಡ ಸಂಗೀತೋತ್ಸವವೇ ಉರಿಬಿಸಿಲಿನದು. ಚಾಮರಾಜಪೇಟೆಯಲ್ಲಿ ರಾಮಸೇವಾ ಮಂಡಳಿಯವರ ರಾಮನವಮಿ ಕಛೇರಿಗಳು 1939ರಲ್ಲಿ ಶುರುವಾದವು. ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಪೆಂಡಾಲ್ ಹಾಕಿ ವಾರಗಟ್ಟಲೆ ನಡೆಯುತ್ತವೆ. ನಾನು ಬೆಂಗಳೂರಿನಲ್ಲಿದ್ದ ಕಾಲದಲ್ಲಿ ಹೋಗುತ್ತಿದ್ದೆ. ಹೊರಗೆ ರಸ್ತೆಯ ಹಾರ್ನು, ಒಳಗೆ ಬೀಸಣಿಗೆ ಬೀಸುತ್ತ ತಾಳ ಹಾಕುವ ಅಜ್ಜಿಯರು. ಎರಡು ಕೈಯಿಂದ ಎರಡು ಬೇರೆ ಬೇರೆ ಲಯ ನಡೆಸುತ್ತಿದ್ದ ಅವರ ಮುಂದೆ ಮೃದಂಗದವರು ಏನೂ ಅಲ್ಲ.

ರಾಗದ ಲೆಕ್ಕಕ್ಕೆ ಬಂದರೆ ದಕ್ಷಿಣದವರು ಹೊತ್ತಿನ ವಿಷಯದಲ್ಲಿ ಅಷ್ಟು ಬಿಗಿಯಾಗಿಲ್ಲ. ನಮ್ಮ ಕಡೆ ಮಧ್ಯಮಾದ ಸಾರಂಗ ಅನ್ನುವುದರ ಸ್ವರಗಳೇ ನಿಮ್ಮ ಮಧ್ಯಮಾವತಿಯವು. ಇಲ್ಲಿ ಅದು ನಡುಹಗಲಿನದು, ಅಲ್ಲಿ ಎಷ್ಟು ಹೊತ್ತಾಗಿದ್ದರೂ ಕಛೇರಿಯ ಕೊನೆಗೆ ಬಂದು ಎಲ್ಲವನ್ನೂ ಒಪ್ಪವಾಗಿಸುತ್ತದೆ. ಬೃಂದಾವನ ಸಾರಂಗವೂ ನಿಮ್ಮಲ್ಲಿದೆ, ಮುತ್ತುಸ್ವಾಮಿ ದೀಕ್ಷಿತರ ‘ರಂಗಪುರ ವಿಹಾರ’ ಅದರಲ್ಲೇ ಇರುವುದು. ಇಳಿಯುವಾಗ ಒಂದು ಕೋಮಲ ಗಾಂಧಾರ ಸುಮ್ಮನೆ ಇಣುಕಿ ಹೋಗುತ್ತದೆ. ಉತ್ತರದ್ದರಲ್ಲಿ ಅದಕ್ಕೆ ಪ್ರವೇಶವಿಲ್ಲ. ಆ ಒಂದು ಇಣುಕಿನಿಂದ ಬಿಸಿಲು ಸ್ವಲ್ಪ ತಣಿದು, ಜಗುಲಿಯ ಕಡೆ ನೆರಳು ಬಂದಷ್ಟು ಬದಲಾಗುತ್ತದೆ.

ಊಟದ ನಂತರಕ್ಕೆ ನನ್ನ ಆಯ್ಕೆ ವೀಣೆ, ಅದರಲ್ಲೂ ನಿಮ್ಮೂರಿನ ದೊರೆಸ್ವಾಮಿ ಅಯ್ಯಂಗಾರರದು. ವೀಣೆ ವೆಂಕಟಗಿರಿಯಪ್ಪನವರ ಶಿಷ್ಯರು. ಒಮ್ಮೆ ಮೀಟಿದ ತಂತಿಯ ನಾದ ಪೂರ್ತಿ ಸಾಯುವವರೆಗೂ ಅವಸರವಿಲ್ಲದೆ ಗಮಕ ಎಳೆಯುತ್ತಾರೆ. ತಮ್ಮ ಕೈಚಳಕ ತೋರಿಸಲೇಬೇಕು ಎಂಬ ಹಟವಿಲ್ಲದ ವಾದನ ಬೇಸಿಗೆಗೆ ಬೇಕು.

ಸಂಗೀತ ಹಚ್ಚಿದ ಹತ್ತು ನಿಮಿಷಕ್ಕೆ ನನಗೆ ಗೊರಕೆ. ಕಲಾವಿದರಿಗೆ ಅವಮಾನ ಮಾಡಿದಂತಾಯಿತೇ?
— ಓದುಗರು, ಕಲಬುರಗಿ

ಕಲಬುರಗಿಯ ಮೇ ತಿಂಗಳಲ್ಲಿ ಹತ್ತು ನಿಮಿಷ ಎಚ್ಚರ ಇರುತ್ತೀರಲ್ಲ, ಅದೇ ಗೌರವ. ಮಲಗಿ. ಮೊಬೈಲ್‌ನಲ್ಲಿ ಹಾಡು ಮುಗಿದೊಡನೆ ತಾನಾಗಿ ಇನ್ನೊಂದು ಶುರುವಾಗುವ ವ್ಯವಸ್ಥೆ ಇರುತ್ತದಲ್ಲ, ಅದನ್ನು ಮಾತ್ರ ಬಂದ್ ಮಾಡಿಟ್ಟುಕೊಳ್ಳಿ. ವಿಲಂಬಿತದಲ್ಲಿ ಮಲಗಿ ಗೃಹಸಾಲದ ಜಾಹೀರಾತಿನಲ್ಲಿ ಎದ್ದರೆ ತಲೆನೋವು ಗ್ಯಾರಂಟಿ.

ನಾನು ಚಿತ್ರಕಲಾ ವಿದ್ಯಾರ್ಥಿನಿ. ಹಾಡು ಹಾಕಿಕೊಂಡು ಬರೆಯಲು ಕೂತರೆ ಸಾಹಿತ್ಯದ ಕಡೆ ಗಮನ ಹೋಗಿ ಕೈ ನಿಲ್ಲುತ್ತದೆ. ನಿಮಗೆ ಹಾಗಾಗುವುದಿಲ್ಲವೇ ಅಕ್ಕಾ?
— ವಿದ್ಯಾರ್ಥಿನಿ, ಧಾರವಾಡ

ಆಗುತ್ತದೆ ತಂಗಿ. ಅದಕ್ಕೇ ನಾನು ಕೆಲಸ ನೋಡಿ ಹಾಡು ಹಚ್ಚುತ್ತೇನೆ.

ಬಣ್ಣದ ಕೆಲಸಕ್ಕೆ ಖ್ಯಾಲ್, ಅಂದರೆ ರಾಗವನ್ನು ಬೆಳೆಸುತ್ತ ಹೋಗುವ ಹಿಂದೂಸ್ತಾನಿ ಗಾಯನ. ಎರಡು ಸಾಲಿನ ಬಂದಿಶ್, ಅದೂ ಬ್ರಜ್ ಭಾಷೆಯಲ್ಲಿ. ಐದು ನಿಮಿಷದಲ್ಲಿ ಮಾತು ಕರಗಿ ಬರೀ ಸ್ವರ ಉಳಿಯುತ್ತದೆ. ಮಲ್ಲಿಕಾರ್ಜುನ ಮನಸೂರರನ್ನು ಮಾತ್ರ ಬಣ್ಣ ಹಚ್ಚುವಾಗ ಹಾಕುವುದಿಲ್ಲ. ನಮ್ಮೂರ ಅಜ್ಜ, ನನಗೆ ದೇವರ ಸಮಾನ, ಆದರೂ ಇಲ್ಲ. ಅವರ ಗಾಯನ ಜೈಪುರ-ಅತ್ರೌಲಿ ಪರಂಪರೆಯದು. ಆ ವಿಲಂಬಿತ ಕಿರಾನಾದವರ ವಿಲಂಬಿತದಷ್ಟು ನಿಧಾನವಲ್ಲ, ಒಂದು ತಾನಿನ (ವೇಗದ ಸ್ವರಸರಣಿಯ) ಬಾಲ ಹಿಡಿಯುವುದರೊಳಗೆ ಇನ್ನೊಂದು ಎಲ್ಲಿಂದಲೋ ತಿರುಗಿ ಬಂದು ಸಮ್‌ಗೆ ಬಿದ್ದಿರುತ್ತದೆ. ನನ್ನ ಕುಂಚ ಅಷ್ಟು ಚುರುಕಿಲ್ಲ. ಪೆನ್ಸಿಲ್, ಇಂಕಿನ ಗೆರೆ ಕೆಲಸಕ್ಕೆ ಅವರೇ ಬೇಕು. ಮನಸೂರರನ್ನು ಕೇಳುತ್ತ ಎಳೆದ ಗೆರೆಯಲ್ಲಿ ಅನುಮಾನ ಇರುವುದಿಲ್ಲ, ನಾಳೆಯೇ ಮಾಡಿ ನೋಡು.

ಅವರ ವಚನಗಾಯನಕ್ಕೆ ಬೇರೆಯದೇ ನಿಯಮ. ಅಕ್ಕಮಹಾದೇವಿಯ ‘ಅಕ್ಕ ಕೇಳವ್ವಾ’ ಶುರುವಾದರೆ ಪೆನ್ಸಿಲ್ ಕೆಳಗಿಡಬೇಕು. ಅಲ್ಲಿ ಒಂದೊಂದು ಮಾತೂ ನಿನ್ನ ಭಾಷೆಯದೇ, ಬಿಟ್ಟು ಕೇಳುವುದು ಸಾಧ್ಯವೇ ಇಲ್ಲ. ಇನ್ನು ಕಥೆಗೆ ಚಿತ್ರ ಬರೆಯುವ ಮೊದಲು ಕಥೆ ಓದುತ್ತೀಯಲ್ಲ, ಆಗ ಏನೂ ಹಚ್ಚಬೇಡ. ಕತೆಗಾರನ ಲಯ ಇರುತ್ತದೆ, ಮೊದಲು ಅದು ಕೇಳಲಿ.

ಇಯರ್‌ಫೋನ್ ಹಾಕಿಕೊಂಡು ಕೆಲಸಕ್ಕೆ ಕೂರಬೇಡ ಎಂದೂ ಹೇಳುತ್ತೇನೆ. ಹಾಡು ಕೋಣೆಯಲ್ಲಿ ಇರಬೇಕು, ತಲೆಯೊಳಗಲ್ಲ.

ನಾನು ಇಂದೋರಿನಲ್ಲಿರುವ ಕನ್ನಡತಿ. ಇಲ್ಲಿಯ ಬೇಸಿಗೆ ಸಾಕುಸಾಕಾಗಿದೆ. ನನಗೊಂದು ಸಲಹೆ?
— ಓದುಗರು, ಇಂದೋರ್

ನೀವು ದೇವಾಸ್‌ನ ಮಗ್ಗುಲಲ್ಲೇ ಇದ್ದೀರಿ, ನನ್ನನ್ನೇನು ಕೇಳುತ್ತೀರಿ? ಕುಮಾರ ಗಂಧರ್ವರ ಭೀಮಪಲಾಸಿ.

ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹುಡುಗ, ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ. ಬಾಲ್ಯದಲ್ಲೇ ‘ಗಂಧರ್ವ’ ಎನ್ನಿಸಿಕೊಂಡವರು. ಕ್ಷಯ ತಗಲಿ, ಒಣಹವೆ ಒಳ್ಳೆಯದೆಂದು ನಲವತ್ತರ ದಶಕದ ಕೊನೆಗೆ ಮಾಳವಕ್ಕೆ ಹೋಗಿ ದೇವಾಸ್‌ನಲ್ಲಿ ನೆಲೆಯಾದರು. ನೀವು ಸಾಕಾಯಿತು ಎನ್ನುವ ಆ ಹವೆಯೇ ಅವರಿಗೆ ಔಷಧ. ವರ್ಷಗಟ್ಟಲೆ ಹಾಡುವಂತಿರಲಿಲ್ಲ. ಹಾಸಿಗೆ ಹಿಡಿದು ಮಲಗಿ, ಹೊರಗೆ ಓಡಾಡುವ ಮಾಳವಿ ಜನರ ಹಾಡು ಕೇಳುತ್ತಿದ್ದರು. ಎದ್ದು ಮತ್ತೆ ಹಾಡಿದಾಗ ಒಂದು ಶ್ವಾಸಕೋಶದ ಬಲ ಅಷ್ಟಕ್ಕಷ್ಟೆ. ಉದ್ದುದ್ದ ಎಳೆತ ಹೋಗಿ ಸಣ್ಣ ಸಣ್ಣ ತುಣುಕು ಬಂದವು, ನಡುವೆ ಉಸಿರು, ಮೌನ. ಆ ಮೌನವೂ ಶ್ರುತಿಯಲ್ಲೇ ಇರುತ್ತದೆ. ಆ ನಿಲುಗಡೆಗಳಿಗೋಸ್ಕರವೇ ನಾನು ಕೇಳುವುದು. ಜಲವರ್ಣದಲ್ಲಿ ಬಿಳಿ ಬಣ್ಣ ಹಚ್ಚುವುದಿಲ್ಲ, ಕಾಗದವನ್ನೇ ಖಾಲಿ ಬಿಡುತ್ತೇವೆ. ಎಲ್ಲಿ ಬಿಡಬೇಕು ಎಂಬುದನ್ನು ನನಗೆ ಕಲಿಸಿದವರಲ್ಲಿ ಚಿತ್ರಗಾರರಿಗಿಂತ ಇವರೇ ದೊಡ್ಡವರು.

ಗೀತ ವರ್ಷಾ, ಗೀತ ಹೇಮಂತ, ಗೀತ ವಸಂತ ಎಂದು ಋತುಗಳನ್ನೇ ಹಿಡಿದು ಅವರು ಕಾರ್ಯಕ್ರಮ ಕಟ್ಟಿದ್ದರು. ಈ ಮೂರರ ಹೆಸರಿನಲ್ಲಿ ಬೇಸಿಗೆ ಇಲ್ಲ. ಬೇಸಿಗೆಯ ಪರವಾಗಿ ನನಗೆ ಸ್ವಲ್ಪ ಸಿಟ್ಟಿದೆ.

ಭೀಮಪಲಾಸಿಯನ್ನು ಮೂರು ಗಂಟೆಯ ಹೊತ್ತಿಗೆ ಹಚ್ಚಿ. ಸಾರಂಗದ ನಡುಬಿಸಿಲು ಇಳಿದು, ಯಾರದೋ ನೆನಪು ಸುಮ್ಮನೆ ಬಂದು ಕೂರುವ ಹೊತ್ತು ಅದು. ನಿಮ್ಮಂತೆ ಊರು ಬಿಟ್ಟವರಿಗೆ ಅಪಾಯಕಾರಿ, ಮೊದಲೇ ಹೇಳಿಟ್ಟಿದ್ದೇನೆ.

ಸಂಜೆಯಾಗುತ್ತ ಬಂದಾಗ?
— ಓದುಗರು, ಶಿರಸಿ

ಮುಲ್ತಾನಿ. ನಾಲ್ಕು ದಾಟಿದ ಮೇಲೆ, ದೀಪ ಹಚ್ಚುವ ಮೊದಲು. ಇದನ್ನೂ ಭೀಮಸೇನರದ್ದೇ ಕೇಳುತ್ತೇನೆ. ರಿ, ಗ, ಧ ಕೋಮಲ, ಮಧ್ಯಮ ತೀವ್ರ, ಅಂದರೆ ತುಸು ಏರಿದ ಮ. ಬೆಳಗಿನ ತೋಡಿಗೂ ಇವೇ ಸ್ವರ. ಏರುವಾಗ ಮುಲ್ತಾನಿ ರಿ ಮತ್ತು ಧ ಬಿಟ್ಟು ಜಿಗಿಯುತ್ತದೆ, ಗಾಂಧಾರವನ್ನು ಎತ್ತುವ ರೀತಿ ಬೇರೆ, ಅಷ್ಟಕ್ಕೇ ಬೆಳಗು ಹೋಗಿ ಬೈಗು ಬಂದಿರುತ್ತದೆ. ಅದೇ ನಾಲ್ಕು ಟ್ಯೂಬ್ ಬಣ್ಣದಲ್ಲಿ ಸೂರ್ಯೋದಯವನ್ನೂ ಸೂರ್ಯಾಸ್ತವನ್ನೂ ಬರೆದು, ನೋಡಿದವರು ಒಂದಕ್ಕೊಂದು ಅದಲುಬದಲು ಮಾಡದಂತೆ ನಿಲ್ಲಿಸುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಹೊಟ್ಟೆಕಿಚ್ಚಿನಿಂದಲೇ ಕೇಳುತ್ತೇನೆ.

ಭೀಮಸೇನರ ಹಾಗೂ ಗಂಗೂಬಾಯಿ ಹಾನಗಲ್ಲರ ಗುರು ಸವಾಯಿ ಗಂಧರ್ವರು ಕುಂದಗೋಳದವರು. ಗಂಗಕ್ಕ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಪಾಠಕ್ಕೆ ಹೋಗಿಬರುತ್ತಿದ್ದರು. ಆ ದಾರಿಯ ಕರಿಮಣ್ಣಿನ ಹೊಲಗಳನ್ನು ಏಪ್ರಿಲ್‌ನಲ್ಲಿ ನೋಡಬೇಕು ನೀವು. ಬೆಳೆ ತೆಗೆದಾಗಿರುತ್ತದೆ, ನೆಲ ಅಂಗೈ ಹೋಗುವಷ್ಟು ಬಿರಿದಿರುತ್ತದೆ, ದಿಗಂತದವರೆಗೆ ಒಂದು ಗಿಡವಿಲ್ಲ. ಗಂಗಕ್ಕನ ಆ ಗಡಸು, ಅಗಲ ದನಿ ಅಲ್ಲಿಗೆ ಎಷ್ಟು ಒಪ್ಪುತ್ತದೆ ಎಂದರೆ, ಶಿರಸಿಯ ಅಡಿಕೆ ತೋಟದಲ್ಲಿ ಕೂತು ಕೇಳುವ ನಿಮಗೆ ಅದು ಅರ್ಧವೇ ಸಿಗುತ್ತದೆ ಎಂದು ನನ್ನ ಗುಮಾನಿ. ಬೇಸರ ಮಾಡಿಕೊಳ್ಳಬೇಡಿ. ನಿಮಗೆ ಮಲ್ಹಾರ ಪೂರ್ತಿ ಸಿಗುತ್ತದೆ, ನಮಗೆ ಅದು ಅರ್ಧ.

ಸಿನಿಮಾ ಹಾಡು ಕೇಳುವುದೇ ಇಲ್ಲವೇ? ಇಷ್ಟು ಶಾಸ್ತ್ರ ನಮ್ಮಂಥವರಿಗೆ ಜೀರ್ಣವಾಗುವುದಿಲ್ಲ.
— ಓದುಗರು, ದಾವಣಗೆರೆ

ಬೇಕಾದಷ್ಟು ಕೇಳುತ್ತೇನೆ. ಆದರೆ ನಾನಾಗಿ ಹಚ್ಚುವುದಿಲ್ಲ. ಪಿ.ಬಿ. ಶ್ರೀನಿವಾಸ್ ಅವರ ದನಿ ಗೋಡೆಯಾಚೆಯಿಂದ ಬಂದರೇ ಚಂದ. ನಮ್ಮ ಪಕ್ಕದ ಮನೆಯವರು ನಾಲ್ಕು ಗಂಟೆಯ ಚಹಾಕ್ಕೆ ಪಾತ್ರೆ ಇಡುವಾಗ ರೇಡಿಯೋ ತಿರುವುತ್ತಾರೆ. ಪಲ್ಲವಿ ಅರ್ಧ ಕೇಳುತ್ತದೆ, ಚರಣದ ಹೊತ್ತಿಗೆ ಮಿಕ್ಸರ್ ಶುರು, ಉಳಿದದ್ದನ್ನು ನಾನೇ ಹಾಡಿಕೊಳ್ಳುತ್ತೇನೆ. ಮೇ ತಿಂಗಳಲ್ಲಿ ಅವರು ಮಗಳ ಮನೆಗೆ ಹೋಗುತ್ತಾರೆ. ಹೋಗುವ ಮುಂಚೆ ರೇಡಿಯೋ ನಮ್ಮಲ್ಲಿ ಇಟ್ಟುಹೋಗ್ರಿ ಎಂದು ಕೇಳಿದ್ದೇನೆ. ‘ನಿಮ್ಮ ಆ ಆ ಆ ಕೇಳಿ ಅದು ಕೆಟ್ಟುಹೋದೀತು’ ಅಂದರು. ಇನ್ನೂ ಕೊಟ್ಟಿಲ್ಲ.